ಮೇಜಿನ ಕೆಳಗೆ ಹನ್ನೊಂದು ಶನಿವಾರ

ಇಸ್ತ್ರಿ ಅಂಗಡಿಯವಳ ಮಗಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಈಗ ಅದು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಹಾಲಿನವನಿಂದ ಹಿಡಿದು ಅಂಚೆಯವನ ತನಕ ಬೀದಿಗೆಲ್ಲ ಅವಳು ಲೀಡರಕ್ಕ. ಹದಿನೇಳಕ್ಕೆ ಅಂಟಿದ ಹೆಸರು ಇಪ್ಪತ್ತೇಳಾದರೂ ಬಿಟ್ಟಿಲ್ಲ. ಹೆಸರಿಗೇನೋ ಲೀಡರು. ಬೆಳಗ್ಗೆ ಅಮ್ಮನ ಅಂಗಡಿಯಲ್ಲಿ ಕಂಡವರ ಅಂಗಿ ಮಡಚುವುದು, ಸಂಜೆ ಹೊತ್ತು ಮತ್ತು ಶನಿವಾರ ಇಡೀ ದಿನ ಯುವಕೇಂದ್ರದಲ್ಲಿ ಕಂಡವರ ಮಕ್ಕಳನ್ನು ನೋಡಿಕೊಳ್ಳುವುದು. ಮೊದಲನೆಯದಕ್ಕೆ ಊಟ ಸಿಗುತ್ತಿತ್ತು. ಎರಡನೆಯದಕ್ಕೆ ವರ್ಷಕ್ಕೊಂದು ಹಳದಿ ಟೀ ಶರ್ಟು ಸಿಗುತ್ತಿತ್ತು, ಬೆನ್ನ ಮೇಲೆ ‘ಸ್ವಯಂಸೇವಕಿ’ ಎಂದು ದಪ್ಪಕ್ಷರದಲ್ಲಿ.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಅಮ್ಮ ಆ ಟೀ ಶರ್ಟಿಗೆ ಇಸ್ತ್ರಿ ಹಾಕುತ್ತಲೇ ಅನ್ನುತ್ತಿದ್ದಳು. ಆದರೂ ಒಂದು ಸುಕ್ಕು ಉಳಿಯದ ಹಾಗೆ ಹಾಕುತ್ತಿದ್ದಳು.

ಯುವಕೇಂದ್ರ ಅಂದರೆ ಹಳೇ ಗೋದಾಮು. ಒಂದು ದೊಡ್ಡ ಹಾಲ್, ಒಂದು ಕೋಣೆ, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಟೇಬಲ್ ಟೆನಿಸ್ ಮೇಜು. ತಂದೆತಾಯಿ ದುಡಿಯಲು ಹೋದ ಮನೆಗಳ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅವರಿಗೆ ಪಾಠ ಹೇಳಿಕೊಡಲು, ಆಟ ಆಡಿಸಲು, ವೇದಿಕೆ ಮೇಲೆ ಕಾಲು ನಡುಗದಂತೆ ನಿಲ್ಲುವುದನ್ನು ಕಲಿಸಲು ಸ್ವಯಂಸೇವಕರೆಂಬ ದೊಡ್ಡ ಹುಡುಗ ಹುಡುಗಿಯರು. ಬಹುತೇಕರು ಪ್ರಮಾಣಪತ್ರಕ್ಕೆ ಬಂದವರು. ಅದು ಕೈಗೆ ಸಿಕ್ಕ ಮಾರನೇ ದಿನ ಪತ್ತೆಯಿಲ್ಲ. ಲೀಡರಕ್ಕ ಮಾತ್ರ ಉಳಿದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಶನಿವಾರ ರಜೆ ಇಲ್ಲ ಅಂದರು, ಬೇಡ ಅಂದುಬಿಟ್ಟಳು. ಅವತ್ತು ಅಮ್ಮ ಅವಳ ಹತ್ತಿರ ಮಾತು ಬಿಟ್ಟಿದ್ದು ಒಂಬತ್ತು ದಿನ.

ತ್ಯಾಗ ಗೀಗ ಎಂದು ದೊಡ್ಡ ಮಾತು ಬೇಡ. ಅಲ್ಲಿ ಅವಳಿಗಾಗಿ ಕಾಯುವವರಿದ್ದರು. ಅವಳು ಐದು ನಿಮಿಷ ತಡಮಾಡಿದರೆ ಮಕ್ಕಳು ಗೇಟಿಗೆ ಜೋತುಬಿದ್ದು ಬೀದಿಯ ತುದಿ ನೋಡುತ್ತಿದ್ದರು. ಆ ಸುಖಕ್ಕೆ ಹೋದಳು, ಅಷ್ಟೆ.

ಎರಡನೇ ವರ್ಷ ಹತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಬಂದವಳೇ ಟೇಬಲ್ ಟೆನಿಸ್ ಮೇಜಿನ ಕೆಳಗೆ ನುಸುಳಿ ಕೂತಳು. ಕರೆದರೆ ಇಲ್ಲ, ಗದರಿದರೆ ಇಲ್ಲ, ಮಿಠಾಯಿಗೂ ಜಗ್ಗಲಿಲ್ಲ. ಉಳಿದ ಸ್ವಯಂಸೇವಕರು “ಇದು ನಮ್ಮ ಕೈಲಾಗೋ ಕೇಸಲ್ಲ” ಎಂದು ಕೈತೊಳೆದುಕೊಂಡರು. ಲೀಡರಕ್ಕ ತಾನೂ ಬಗ್ಗಿ ಮೇಜಿನ ಕೆಳಗೆ ಹೋಗಿ ಕೂತಳು. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಮುಂದಿನ ಶನಿವಾರವೂ ಕೂತಳು. ತಲೆಯ ಮೇಲೆ ಚೆಂಡು ಟಕಟಕ ಅನ್ನುತ್ತಿರುವಾಗ ಹೀಗೆ ಹನ್ನೊಂದು ಶನಿವಾರ, ದಿನಕ್ಕೊಂದು ಗಂಟೆ. ಹನ್ನೆರಡನೆಯ ಶನಿವಾರ ಹುಡುಗಿ ಬಾಯಿ ಬಿಟ್ಟಳು.

“ನಿಮಗೆ ಕಾಲು ಜೋಮು ಹಿಡಿಯಲ್ವಾ?”

“ಹಿಡಿದು ಎರಡು ತಿಂಗಳಾಯ್ತು,” ಅಂದಳು ಲೀಡರಕ್ಕ. ಹುಡುಗಿ ನಕ್ಕಳು. ಆಮೇಲೆ ಅವಳ ಬಾಯಿಗೆ ಬೀಗ ಹಾಕುವವರೇ ಇಲ್ಲವಾಯಿತು, ಚಿಲಿಪಿಲಿ ಚಿಲಿಪಿಲಿ. ಗುಬ್ಬಿ ಎಂದು ಹೆಸರಿಟ್ಟವಳೂ ಲೀಡರಕ್ಕನೇ. ಗುಬ್ಬಿ ಹದಿನೇಳಕ್ಕೆ ತಾನೂ ಹಳದಿ ಟೀ ಶರ್ಟು ತೊಟ್ಟಳು. ಹತ್ತೊಂಬತ್ತಕ್ಕೆ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳಾದಳು.

ಈ ವರ್ಷ ಕೇಂದ್ರಕ್ಕೆ ಮೇಲಿನ ಕಚೇರಿಯಿಂದ ಸಂಯೋಜಕರ ಹುದ್ದೆಯೊಂದು ಮಂಜೂರಾಯಿತು. ಕಾಯಂ ಕೆಲಸ, ತಿಂಗಳ ಸಂಬಳ. ವಯಸ್ಸು ಇಪ್ಪತ್ತೆಂಟು ಮೀರಿರಬಾರದು. ಲೀಡರಕ್ಕನಿಗೆ ಇದು ಬಿಟ್ಟರೆ ಇನ್ನಿಲ್ಲ. ಕೇಂದ್ರದ ಕಾರ್ಯದರ್ಶಿ ಅವಳನ್ನು ಕರೆದು ಹೇಳಿದ: “ಕೆಲಸ ನಿಂದೇ ಕಣಮ್ಮ. ಹತ್ತು ಅರ್ಜಿಯಾದ್ರೂ ಬರಬೇಕು ಅಂತ ನಿಯಮ ಇದೆ. ನಮ್ಮ ಹುಡುಗರ ಕೈಲೇ ಹಾಕಿಸು. ಸಂದರ್ಶನ ಎಲ್ಲ ಬರೀ ಶಾಸ್ತ್ರಕ್ಕೆ.”

ಹಾಕಿಸಿದಳು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಅರ್ಜಿ ತುಂಬಿಸಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಲೀಡರಕ್ಕ ಹೇಗಾದಾಳು? ಸಂದರ್ಶನ ಎದುರಿಸುವುದು ಹೇಗೆಂದು ಎರಡು ಸಂಜೆ ಪಾಠವನ್ನೂ ಮಾಡಿದಳು. “ನೀವು ಮುಂದಾಳಾಗಿ ನಡೆದುಕೊಂಡ ಒಂದು ಪ್ರಸಂಗ ಹೇಳಿ ಅಂತ ಕೇಳೇ ಕೇಳ್ತಾರೆ,” ಅಂದಳು. ಮಾದರಿಗೆಂದು ಮೇಜಿನ ಕೆಳಗಿನ ಕಥೆ ಹೇಳಿದಳು. ಹುಡುಗಿ ಯಾರೆಂದು ಹೇಳಲಿಲ್ಲ. ಗುಬ್ಬಿ ಹಿಂದಿನ ಬೆಂಚಿನಲ್ಲಿ ಕೂತು ತಲೆ ತಗ್ಗಿಸಿ ಮುಗುಳ್ನಕ್ಕಳು. “ಇದರ ಜಾಗದಲ್ಲಿ ನಿಮ್ಮ ನಿಮ್ಮದು ಹಾಕ್ಕೊಳ್ಳಿ,” ಎಂದೂ ಲೀಡರಕ್ಕ ಹೇಳಿದಳು ಪಾಪ. ಶಾಲೆಯ ಮಾದರಿ ರಜಾ ಅರ್ಜಿಯಲ್ಲಿ ಜ್ವರ ಇದ್ದರೆ ತರಗತಿಗೆಲ್ಲ ಜ್ವರವೇ ಬರುತ್ತದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

ಸರದಿಯ ಪಟ್ಟಿ ಬರೆದವಳೂ ಅವಳೇ. ಕಾಯುತ್ತ ಕೂತರೆ ಗುಬ್ಬಿಗೆ ಭಯವಾಗುತ್ತದೆಂದು ಅವಳ ಹೆಸರು ಮೊದಲು ಹಾಕಿದಳು. ತಿಂಡಿ ಇರಲಿ, ಕುರ್ಚಿ ಇರಲಿ, ಲೀಡರ್ ಆದವರು ಕೊನೆಗೆ ತಗೋಬೇಕು ಎಂದು ಹತ್ತು ವರ್ಷ ಮಕ್ಕಳಿಗೆ ಹೇಳಿದವಳು ತನ್ನ ಹೆಸರು ಕೊನೆಗೆ ಬರೆದುಕೊಂಡಳು.

ಸಂದರ್ಶನಕ್ಕೆ ಮೇಲಿನ ಕಚೇರಿಯ ಮೂವರು ಬಂದಿದ್ದರು. ನಡುವೆ ಕೂತ ಕನ್ನಡಕದ ಹೆಂಗಸೇ ಹಿರಿಯಳು. ಕಾರ್ಯದರ್ಶಿ ಪಕ್ಕದಲ್ಲಿ ಕಡತ ಹಿಡಿದು ಕೂತಿದ್ದ. ಲೀಡರಕ್ಕ ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಪ್ರಶ್ನೆ ಅಂದುಕೊಂಡದ್ದೇ ಬಂತು. ಅವಳು ಶುರುಮಾಡಿದಳು. ಮೂರು ವಾಕ್ಯ ಆಗುವುದರೊಳಗೆ ಆ ಹೆಂಗಸು ಪೆನ್ನು ಕೆಳಗಿಟ್ಟಳು.

“ಕೊನೆಗೆ ಆ ಹುಡುಗಿ, ಕಾಲು ಜೋಮು ಹಿಡಿಯಲ್ವಾ ಅಂತ ಕೇಳಿದ್ಲು. ಅಲ್ವಾ?”

“ಹೌದು ಮೇಡಂ. ನಿಮಗೆ ಹೇಗೆ…”

“ಬೆಳಗ್ಗೆಯಿಂದ ಇದು ಐದನೇ ಸಲ ಕಣಮ್ಮ. ಒಬ್ಬನಂತೂ ಕೇರಂ ಬೋರ್ಡ್ ಕೆಳಗೆ ಕೂತಿದ್ದೆ ಅಂದ.”

ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅದು ನಂದೇ ಮೇಡಂ. ನಾನೇ ಅವರಿಗೆ ಹೇಳಿಕೊಟ್ಟಿದ್ದು.”

“ಹೇಳಿಕೊಟ್ಟಿದ್ದು ಅಂತ ಬೇರೆ ಒಪ್ಕೊಳ್ತೀರಲ್ಲ! ಇರಲಿ, ಸ್ವಂತದ್ದು ಏನಾದ್ರೂ ಇದ್ರೆ ಹೇಳಿ.”

ಸ್ವಂತದ್ದು! ಹತ್ತು ವರ್ಷದ ಸ್ವಂತದ್ದು ಎಷ್ಟಿರಲಿಲ್ಲ? ಆದರೆ ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. ಅವಳು ಕಾರ್ಯದರ್ಶಿಯ ಕಡೆ ನೋಡಿದಳು. ಆ ಹನ್ನೊಂದು ಶನಿವಾರವನ್ನೂ ಕಣ್ಣಾರೆ ಕಂಡಿದ್ದ ಮನುಷ್ಯ. ಅವನು ಕಡತದಲ್ಲಿ ಏನೋ ಭಾರಿ ಮುಖ್ಯವಾದದ್ದನ್ನು ಓದುತ್ತಿದ್ದ.

ಹೊರಗೆ ಬಂದ ಮೇಲೆ ಅವನೇ ಹಿಂದೆ ಬಂದ. “ಮೇಲಿನವರ ಮುಂದೆ ನಾನು ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ ಕಣಮ್ಮ. ಮೊದಲು ಹೋದ ಗುಬ್ಬಿ ಅದನ್ನ ತನ್ನದೇ ಅನ್ನೋ ಹಾಗೆ ಎಷ್ಟು ಚೆನ್ನಾಗಿ ಹೇಳಿದ್ಲು ಅಂದ್ರೆ, ಮೇಡಂ ಕಣ್ಣಲ್ಲಿ ನೀರು ಬಂತು. ಆಮೇಲೆ ಹೇಳಿದ್ದೆಲ್ಲ ಅವರಿಗೆ ನಕಲು ಅನ್ನಿಸಿತು.”

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇಲ್ಲಿ ಮದ್ದೇನೋ ನಾಟಿತು, ಗಿಡವನ್ನು ಕೇಳುವವರಿರಲಿಲ್ಲ. ಕೆಲಸ ಗುಬ್ಬಿಗಾಯಿತು.

ಮುಂದಿನ ಬುಧವಾರ ಗುಬ್ಬಿ ಇಸ್ತ್ರಿ ಅಂಗಡಿಗೆ ಬಂದಳು. ಕೊರಳಲ್ಲಿ ಹೊಸ ಗುರುತಿನ ಚೀಟಿ. ಅಮ್ಮ ಒಳಗೆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಲೀಡರಕ್ಕ ಅಂಗಿ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

“ಕೋಪಾನಾ ಅಕ್ಕಾ?”

“ಆ ಕಥೆ ಯಾರದ್ದು ಗುಬ್ಬಿ?”

“ನಾನು ಸುಳ್ಳು ಹೇಳಿಲ್ಲ ಅಕ್ಕಾ,” ಅಂದಳು ಗುಬ್ಬಿ. ದನಿಯಲ್ಲಿ ಕಪಟವೇನೂ ಇರಲಿಲ್ಲ. “ಟೇಬಲ್ ಕೆಳಗೆ ನಾನೂ ಇದ್ನಲ್ಲ.”

ಲೀಡರಕ್ಕನಿಗೆ ಅವಳ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು. ಈ ಹುಡುಗಿಗೆ ಮಾತು ಕಲಿಸಿದವಳು ತಾನು. ಎದುರಿಗಿರುವವರ ಕಣ್ಣು ನೋಡಿ ಹೇಳು, ಎಲ್ಲಿ ತಡೆಯಬೇಕೋ ಅಲ್ಲಿ ತಡಿ ಎಂದು ತಿದ್ದಿದವಳೂ ತಾನೇ.

“ಶನಿವಾರ ಹೊಸ ಸ್ವಯಂಸೇವಕರು ಬರ್ತಾರೆ. ನೀವು ಇರಲೇಬೇಕು, ನನಗೊಬ್ಬಳಿಗೇ ಆಗಲ್ಲ,” ಅಂದಳು ಗುಬ್ಬಿ. ಆಮೇಲೆ ದನಿ ತಗ್ಗಿಸಿದಳು. “ಮೇಡಂ ಕೂಡ ಬರ್ತಾರಂತೆ. ಆ ಕಥೆ ಇನ್ನೊಂದು ಸಲ ಹೇಳು ಅಂದಿದಾರೆ. ಅವರ ಮುಂದೆ ಮಾತ್ರ ನನ್ನ ತಿದ್ದಬೇಡಿ ಅಕ್ಕಾ.”

ಲೀಡರಕ್ಕ ಅಂಗಿಯ ಕಾಲರು ಸರಿಮಾಡಿದಳು. “ಶನಿವಾರ ನನಗೆ ಕೆಲಸ ಇದೆ.”

“ಶನಿವಾರಾನಾ? ಏನು ಕೆಲಸ ಅಕ್ಕಾ?”

ಕುಹಕವಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಳು. ಲೀಡರಕ್ಕ ಇನ್ನೊಂದು ಅಂಗಿ ಎಳೆದುಕೊಂಡಳು.

ಒಳಗಿನಿಂದ ಅಮ್ಮನ ದನಿ ಬಂತು. “ಕೆಲಸ ಇದೆ ಅಂದ್ಲಲ್ಲಮ್ಮ. ಹೊರಡು ನೀನು.”

ಗುಬ್ಬಿ ಹೋದಳು. ಅಮ್ಮ ಹೊರಗೆ ಬಂದು ಮಗಳ ಪಕ್ಕ ನಿಂತಳು. ಹತ್ತು ವರ್ಷ ಒಂದಲ್ಲ ಒಂದು ಗಾದೆ ಚುಚ್ಚಿದ ಬಾಯಿ ಅವತ್ತು ಏನೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಲೀಡರಕ್ಕ ಯಾರದೋ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಆ ಅಂಗಿ ಬಿಡಿಸಿಕೊಂಡು ಮತ್ತೆ ಇಸ್ತ್ರಿಗೆ ಹಾಕಿದಳು.

ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಆ ದಿನ ಏನು ಮಾಡುವುದೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.