ಟ್ರೇವಿಸ್‌ನ ಬಲಗೈ

ಟ್ರೇವಿಸ್ ಚೆಂಡಿಗೆ ಬೆನ್ನು ಹಾಕಿ ಓಡುತ್ತಿದ್ದ. ಬ್ಯಾಟಿನ ಸದ್ದು ಕೇಳಿದರೆ ಸಾಕು, ಚೆಂಡು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತು. ತಿರುಗಿ ನೋಡದೆ ಬೇಲಿಯ ತನಕ ಓಡಿ, ಗವಸು ಹಾಕಿದ ಎಡಗೈ ಚಾಚಿದರೆ ಚೆಂಡು ಅದರೊಳಗೆ. ಬಲಗೈಯಲ್ಲಿ ಎಸೆದರೆ ನೆಲ ಮುಟ್ಟದೆ ಮೈದಾನದ ಆ ತುದಿಗೆ. ನನಗೆ ಬೇಸ್‌ಬಾಲ್ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಇವನು ಓಡುವುದನ್ನು ಮಾತ್ರ ನೋಡುತ್ತಿದ್ದೆ.

ಮೆಕಿನ್ನಿ ಎಂಬ ಊರಿನಲ್ಲಿ ನನ್ನ ಮಗಳು ಸುಮಾಳ ಮನೆಯ ಮಹಡಿ ಕೋಣೆಯಲ್ಲಿ ಅವನಿದ್ದ. ಸಣ್ಣ ಟೀಮಿನ ಆಟಗಾರರನ್ನು ಸೀಸನ್ ಮುಗಿಯುವ ತನಕ ಊರವರು ಮನೆಯಲ್ಲಿಟ್ಟುಕೊಳ್ಳುವುದು ಇಲ್ಲಿಯ ಪದ್ಧತಿ. ಸುಮಾ ಹೂಂ ಅಂದಳು. ಬೇಯಿಸಿ ಹಾಕುವವಳನ್ನು ಯಾರೂ ಕೇಳಲಿಲ್ಲ.

ಮೊದಲ ದಿನ ರೊಟ್ಟಿಯ ತಟ್ಟೆಗೆ ಎಡಗೈ ಚಾಚಿದ.

"ಎಡಗೈಲಿ ಇಸ್ಕೋಬೇಡ ಕಣೋ, ಕೊಟ್ಟೋರಿಗೆ ಅವಮಾನ," ಅಂದೆ.

ಸುಮಾ ಇಂಗ್ಲಿಷಿನಲ್ಲಿ ತಿಳಿಸಿದಳು. ತಟ್ಟೆ ಕೆಳಗಿಟ್ಟು ಬಲಗೈಯಲ್ಲಿ ಮತ್ತೆ ತೆಗೆದುಕೊಂಡ. ಅಂದಿನಿಂದ ನೀರಿನ ಲೋಟಕ್ಕೂ "ಅಜ್ಜಿ, ರೈಟ್ ಹ್ಯಾಂಡ್" ಎಂದು ತೋರಿಸಿಯೇ ಹಿಡಿಯುತ್ತಿದ್ದ. ಒಂದು ದಿನ ಅಕ್ಕಿರೊಟ್ಟಿ ತಿಂದು ಹೋದವನು ಚೆನ್ನಾಗಿ ಹೊಡೆದ. ಆಮೇಲೆ ಪಂದ್ಯವಿದ್ದಾಗಲೆಲ್ಲ ಅಕ್ಕಿರೊಟ್ಟಿಯೇ ಆಗಬೇಕು. ನಾನೇನು ಇವನ ರೊಟ್ಟಿ ಮಿಷನ್ನಾ ಎಂದು ಬೈದುಕೊಂಡೇ ತಟ್ಟುತ್ತಿದ್ದೆ.

ಅವನಿಗೆ ಬೇಕಾಗಿದ್ದುದು ಒಂದೇ, ಆಸ್ಟಿನ್ ಕಡೆಯ ಟೀಮಿನಿಂದ ಕರೆ. ಅದಾದರೆ ದೊಡ್ಡ ಆಟಕ್ಕೆ ಒಂದೇ ಮೆಟ್ಟಿಲು. ಬೇಲಿಯ ಕಡೆ ದೂರ ನಿಂತು ಆಡುವವನು ಸಂಜೆಯೆಲ್ಲ ಕಾಯಬೇಕು, ಚೆಂಡು ಬರುವುದು ಒಂದು ಸಲ, ಅದನ್ನು ಬಿಟ್ಟರೆ ಮನೆಗೆ ಅನ್ನುತ್ತಿದ್ದನಂತೆ.

ಬೇಸಿಗೆ ಏರಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಎಡಗೈ ಚಾಚಿದ.

"ಮತ್ತೆ ಶುರು ಹಚ್ಕೊಂಡ್ಯಾ? ಬಲಗೈಯನ್ನೇನು ಅಡ ಇಟ್ಟಿದ್ದೀಯಾ?" ಅಂದೆ.

ಬಲಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ನೋವಿಗೆ ಮುಖ ಬಿಳಿಚಿಕೊಂಡಿತು. ಡಾಕ್ಟರಿಗೆ ತೋರಿಸು ಎಂದು ಸುಮಾ ಗೋಗರೆದಳು. ಅವನು ಹೇಳಿದ್ದನ್ನು ಅವಳೇ ನನಗೆ ತಿಳಿಸಿದಳು: "ಈಗ ಹೇಳಿದ್ರೆ ಆಸ್ಟಿನ್‌ಗೆ ಇನ್ನೊಬ್ಬ ಹೋಗ್ತಾನಂತೆ ಅಮ್ಮ. ಆಮೇಲೆ ಇವನನ್ನ ಯಾರೂ ಕರೆಯಲ್ವಂತೆ."

"ಕೈ ಹೋದ್ಮೇಲೆ ಕರೆದ್ರೇನು, ಬಿಟ್ರೇನು? ಹೇಳು ಅವನಿಗೆ," ಅಂದೆ.

ಹೇಳಿದಳು. ಅವನು ನಕ್ಕ. ನಾನು ಹರಳೆಣ್ಣೆ ಬಿಸಿ ಮಾಡಿ ಭುಜಕ್ಕೆ ಹಚ್ಚಿದೆ, ಉಪ್ಪಿನ ಶಾಖ ಕೊಟ್ಟೆ. ಎಣ್ಣೆಗೆ ಬಗ್ಗುವ ನೋವಲ್ಲ ಅದು. ಮುಟ್ಟಿದ ಕೈಗೇ ಗೊತ್ತಾಗುತ್ತಿತ್ತು.

ಕರೆ ಬಂತು. ಅರ್ಧ ಬಟ್ಟೆ ನಮ್ಮಲ್ಲೇ ಬಿಟ್ಟು ಆಸ್ಟಿನ್‌ಗೆ ಶಿಫ್ಟ್ ಆದ. ಕೆಲವು ವಾರದ ಮೇಲೆ ಹ್ಯೂಸ್ಟನ್ ಕಡೆ ಪಂದ್ಯ. ಸುಮಾ ಟಿವಿಗೆ ಹಾಕಿದಳು. ಟ್ರೇವಿಸ್ ಎಂದಿನಂತೆ ಬೆನ್ನು ಹಾಕಿ ಓಡಿ, ಬೇಲಿಯ ಹತ್ತಿರ ಹಿಡಿದ. ಇನ್ನು ಎಸೆಯಬೇಕು. ಎಸೆದ. ಚೆಂಡು ಕಾಲು ಭಾಗ ದೂರವನ್ನೂ ದಾಟದೆ ಹುಲ್ಲಿನಲ್ಲಿ ಉರುಳಿತು. ಅವನು ಮೊಣಕಾಲೂರಿ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡ, ಬೇರೆಯವರ ಕೂಸನ್ನು ಹಿಡಿದ ಹಾಗೆ. ಸುಮಾ ಟಿವಿ ಆರಿಸಿದಳು.

ಆಪರೇಷನ್ ಆಯಿತು. ಟೀಮಿನವರು ಕೈಬಿಟ್ಟರು.

ಬಟ್ಟೆ ತೆಗೆದುಕೊಂಡು ತನ್ನೂರಿಗೆ ಹೋಗಲು ಬಂದ. ಬಲಗೈ ಪಟ್ಟಿಯಲ್ಲಿ ಕುತ್ತಿಗೆಯಿಂದ ಜೋತುಬಿದ್ದಿತ್ತು. ಅಕ್ಕಿರೊಟ್ಟಿ ಮಾಡಿದ್ದೆ. ತಟ್ಟೆ ನೀಡಿದಾಗ ಎಡಗೈ ಅರ್ಧ ಎತ್ತಿದವನು ನನ್ನ ಮುಖ ನೋಡಿ ಹಿಂದಕ್ಕೆಳೆದುಕೊಂಡ. ಬಲಗೈಯನ್ನು ಪಟ್ಟಿಯಿಂದ ಬಿಡಿಸಲು ಹೊರಟ.

ಅವನ ಎಡಗೈ ಹಿಡಿದು ಅದರಲ್ಲೇ ತಟ್ಟೆ ಇಟ್ಟೆ. "ತಿನ್ನು," ಅಂದೆ.

ತಿಂದ. ಸುಮಾ ಏರ್‌ಪೋರ್ಟಿಗೆ ಬಿಟ್ಟು ಬಂದಳು. ಆಮೇಲೆ ಫೋನಿಲ್ಲ.

ಈ ಸೀಸನ್ನಿಗೆ ಮಹಡಿಗೆ ಬೇರೊಬ್ಬ ಬಂದಿದ್ದಾನೆ. ಯಾವ ಕೈ ಬಂದರೆ ಆ ಕೈಯಲ್ಲಿ ಇಸಿದುಕೊಳ್ಳುತ್ತಾನೆ. ನಾನು ಏನೂ ಅನ್ನುವುದಿಲ್ಲ.