ಬೇಡದ ಮೇಲ್‌ಗಳ ಫೋಲ್ಡರ್

ಹೇರೋಹಳ್ಳಿಯ ಹತ್ತಿರ ಕಿವಿ ಕೇಳದ ಮಕ್ಕಳ ಒಂದು ಸಣ್ಣ ವಸತಿ ಶಾಲೆಯಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಪಾಠದ ಜೊತೆಗೆ ಶಾಲೆಯ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಸರ್ವರ್ ಅಂದರೆ ದೊಡ್ಡದೇನಲ್ಲ, ಆಫೀಸಿನ ಮೂಲೆಯಲ್ಲಿ ಸದಾ ಗುಂಯ್‌ಗುಡುವ ಒಂದು ಹಳೇ ಕಂಪ್ಯೂಟರ್.

ಅದಕ್ಕೆ ಬಂದು ಬೀಳುತ್ತಿದ್ದ ಕಸ ಒಂದೆರಡಲ್ಲ. ಲಾಟರಿ, ಸಾಲ, ಮನೆಯಲ್ಲೇ ಕೂತು ಮಾಡುವ ಕೆಲಸ. ಬೇಡದ ಮೇಲ್ ತಡೆಯಲು ಸಿದ್ಧವಾಗಿ ಸಿಗುವ ಸ್ಪ್ಯಾಮ್ ಫಿಲ್ಟರ್ ಇಂಗ್ಲಿಷಿನ ಕಸ ಹಿಡಿಯುತ್ತಿತ್ತು, ಕನ್ನಡದ್ದನ್ನು ಹಾಗೇ ಬಿಡುತ್ತಿತ್ತು. ಹಾಗಾಗಿ ಹೋದ ವರ್ಷ ಬೇಸಿಗೆ ರಜೆಯಲ್ಲಿ ಕೂತು ನಾನೇ ಒಂದು ಫಿಲ್ಟರ್ ಪ್ರೋಗ್ರಾಂ ಬರೆದೆ. ಆಫೀಸಿನವರು ಗುಂಡಿ ಒತ್ತಿ ತಳ್ಳಿದ ಮೇಲ್‌ಗಳ ಪದಗಳನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಅಂಥ ಪದಗಳೇ ತುಂಬಿರುವ ಹೊಸ ಮೇಲ್ ಬಂದರೆ ತಾನೇ ಬೇರೆ ಫೋಲ್ಡರಿಗೆ ಹಾಕುತ್ತದೆ.

ಆಫೀಸಿನಲ್ಲಿ ಮೇಲ್ ನೋಡುತ್ತಿದ್ದವರು ಒಬ್ಬರೇ ಗುಮಾಸ್ತೆ. "ಬೇಡದ ಮೇಲ್ ಬಂದ್ರೆ ಈ ಬಟನ್ ಒತ್ತಿ ಮೇಡಂ, ಅಷ್ಟೇ," ಎಂದು ತೋರಿಸಿಕೊಟ್ಟೆ. ತಿಂಗಳೊಳಗೆ ಕಸವೆಲ್ಲ ನಿಂತುಹೋಯಿತು. "ಏನ್ ಸಾರ್, ಮಂತ್ರ ಹಾಕಿದ್ರಾ?" ಅಂದರು. ನನಗೂ ಹೆಮ್ಮೆಯಾಗಿತ್ತು. ಆ ಫೋಲ್ಡರನ್ನು ಆಮೇಲೆ ನಾನು ತೆರೆದು ನೋಡಲೇ ಇಲ್ಲ.

ಈ ವರ್ಷ ಜೂನಿನಲ್ಲಿ ವಿಜಯಪುರದ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ನಾಲ್ಕು ಪ್ರಿಂಟ್.

"ಫೆಬ್ರವರಿಯಿಂದ ನಾಕ್ ಸಲ ಮೇಲ್ ಹಾಕೀನ್ರಿ ಸರ್. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕ ನಾನ ಬಂದೆ."

ನಾನು ಫೋಲ್ಡರ್ ತೆರೆದೆ. ನಾಲ್ಕೂ ಅಲ್ಲಿದ್ದವು. ಅವುಗಳ ಮೇಲೆ ಕೆಳಗೆ ಇನ್ನೂ ಹತ್ತಾರು ಅಪ್ಪ ಅಮ್ಮಂದಿರ ಅರ್ಜಿಗಳಿದ್ದವು. 'ನನ್ನ ಮಗುವಿಗೆ ಕಿವಿ ಕೇಳುವುದಿಲ್ಲ, ದಯವಿಟ್ಟು ಸೀಟು ಕೊಡಿ.' ಎಲ್ಲವೂ ಹೆಚ್ಚುಕಡಿಮೆ ಇದೇ ಮಾತು. ಈ ಸಲ ಅರ್ಜಿ ಕಡಿಮೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನೇರವಾಗಿ ಬಂದವರಿಂದಲೇ ಸೀಟು ತುಂಬಿಹೋಗಿತ್ತು.

ತಾಯಿಯನ್ನು ಮುಖ್ಯೋಪಾಧ್ಯಾಯಿನಿಯ ಹತ್ತಿರ ಕರೆದುಕೊಂಡು ಹೋದೆ. ನಾನು ಬರೆದ ಫಿಲ್ಟರ್ ಇವರ ಪತ್ರಗಳನ್ನು ಕಸದ ಜೊತೆ ಹಾಕಿದೆ, ತಪ್ಪು ನನ್ನದು ಎಂದೆ.

"ಹಾಸ್ಟೆಲಲ್ಲಿ ಒಂದು ಮಂಚವೂ ಖಾಲಿ ಇಲ್ಲ," ಅಂದರು ಅವರು. "ಅಲ್ದೆ ಮಗೂಗೆ ಹೋದ ತಿಂಗಳು ಏಳು ತುಂಬಿದೆ. ಶುರುವಿನ ತರಗತಿಗೆ ಏಳರ ಒಳಗಿರಬೇಕು."

"ಮುಂದಿನ ವರ್ಷ ನೋಡಬಹುದಾ ಮೇಡಂ?"

"ಮುಂದಿನ ವರ್ಷ ಎಂಟಾಗತ್ತಲ್ಲ ಸಾರ್."

ಅರ್ಜಿ ಹಾಕಿದಾಗ ಮಗುವಿಗೆ ಆರು. ಅದನ್ನು ಹೇಳಿದೆ. ಅವರು ದಾಖಲಾತಿ ಪುಸ್ತಕ ತೆರೆದು ತುಂಬಿದ ಪಟ್ಟಿ ತೋರಿಸಿದರು.

ಹೊರಗೆ ಬಂದರೆ ಹುಡುಗಿ ವರಾಂಡದಲ್ಲಿ ನಿಂತಿದ್ದಳು. ಅಂಗಳದಲ್ಲಿ ನಮ್ಮ ಮಕ್ಕಳು ಕೈಸನ್ನೆಯಲ್ಲಿ ಜಗಳವಾಡುತ್ತಿದ್ದರು. ಇವಳು ಬಾಯಿ ತೆರೆದು ನೋಡುತ್ತಿದ್ದಳು. ಒಬ್ಬಳು ಓಡಿ ಬಂದು ಇವಳ ಮುಂದೆ ಕೈಯಾಡಿಸಿ ಹೆಸರು ಕೇಳಿದಳು. ಇವಳಿಗೆ ಗೊತ್ತಾಗಲಿಲ್ಲ. ಆದರೂ ಅದೇ ಸನ್ನೆಯನ್ನು ಹಾಗೇ ತಿರುಗಿ ಮಾಡಿದಳು.

"ತನ್ನಂಥಾವ್ರನ್ನ ಆಕಿ ಇವತ್ತ ಮೊದಲ ಸಲ ನೋಡಾಕತ್ತಾಳ್ರಿ," ಅಂದರು ತಾಯಿ. ಆಮೇಲೆ ಮೆಲ್ಲಗೆ ಕೇಳಿದರು: "ನಮ್ಮ ಪತ್ರ ಕಸ ಅಂತ ಅನಿಸ್ತೇನ್ರಿ ನಿಮ್ಮ ಕಂಪ್ಯೂಟರಿಗೆ?"

ನಾನು ಅವರನ್ನು ಮೆಜೆಸ್ಟಿಕ್‌ಗೆ ಆಟೋ ಹತ್ತಿಸಿದೆ. ಹುಡುಗಿ ಹತ್ತಲು ಒಪ್ಪಲಿಲ್ಲ. ತಾಯಿ ಎತ್ತಿ ಕೂರಿಸಿದರು.

ಒಳಗೆ ಬಂದು, ಅರ್ಜಿಗಳಿಗೂ ಬಟನ್ ಒತ್ತಿದ್ದಿರಾ ಎಂದು ಗುಮಾಸ್ತೆಯನ್ನು ಕೇಳಿದೆ. ಅವರಿಗೆ ಅಳುವೇ ಬಂತು. "ನೀವೇ ಹೇಳಿದ್ರಲ್ಲ ಸಾರ್, ಬೇಡದ್ದಕ್ಕೆ ಒತ್ತಿ ಅಂತ. ಹೋದ ವರ್ಷ ಸೀಟ್ ತುಂಬಿದ್ಮೇಲೂ ಅರ್ಜಿ ಬರ್ತಾನೇ ಇದ್ವು. ಇನ್ನು ಬೇಡ ಅಂತ ಒತ್ತಿದೆ."

ಅವರನ್ನು ಏನೆನ್ನಲಿ? ಸ್ಪ್ಯಾಮ್ ಅಂದರೆ ಏನು ಅಂತ ನಾನು ಹೇಳಿಕೊಟ್ಟೇ ಇರಲಿಲ್ಲ. ಫಿಲ್ಟರ್ ಕೂಡ ಕಲಿಸಿದ್ದನ್ನೇ ಮಾಡಿತ್ತು, ಅದೇ ಪದಗಳಿದ್ದ ಈ ವರ್ಷದ ಅರ್ಜಿಗಳನ್ನೂ ಕಸಕ್ಕೆ ತಳ್ಳಿತ್ತು.

ಆ ವಾರವೆಲ್ಲ ಫೋಲ್ಡರಿನಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿದೆ. ಕೆಲವರಿಗೆ ಬೇರೆ ಕಡೆ ಸೀಟು ಸಿಕ್ಕಿತ್ತು. ಕೆಲವು ನಂಬರು ಸ್ವಿಚ್ ಆಫ್. ಒಬ್ಬ ತಂದೆ "ಈಗ್ಯಾಕೆ ಸಾರ್" ಎಂದು ಇಟ್ಟುಬಿಟ್ಟರು. ಫಿಲ್ಟರನ್ನು ಅಳಿಸಿ ಹಾಕಿದೆ. ಮತ್ತೆ ಲಾಟರಿ, ಸಾಲ ಎಲ್ಲ ಬರತೊಡಗಿದವು. ಈಗ ದಿನಾ ಬೆಳಿಗ್ಗೆ ಒಂದೊಂದನ್ನೂ ನಾನೇ ಓದುತ್ತೇನೆ. ಇದರಿಂದ ಆ ಹುಡುಗಿಗೇನೂ ಉಪಯೋಗವಾಗಲಿಲ್ಲ.

ಅವಳ ಜಿಲ್ಲೆಯಲ್ಲೇ ಇಂಥದೇ ಒಂದು ಶಾಲೆಯಿದೆ ಅಂತ ತಿಳಿದು ತಾಯಿಗೆ ಫೋನ್ ಮಾಡಿದೆ. "ಅಲ್ಲೂ ಕೇಳೀವ್ರಿ, ತುಂಬೇತಂತ," ಅಂದರು ತಾಯಿ. ಕೊನೆಗೆ ಕೈಸನ್ನೆಯ ಚಿಕ್ಕ ಚಿಕ್ಕ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸತೊಡಗಿದೆ. ನೀರು, ಊಟ, ಅಮ್ಮ, ಹಸು. ಕೆಲವು ವಾರ ಕಳಿಸಿದ ಮೇಲೆ ಹೇಗೆ ಕಲಿಯುತ್ತಿದ್ದಾಳೆ ಅಂತ ಕೇಳಲು ಫೋನ್ ಮಾಡಿದೆ.

"ಎಲ್ಲಾ ಕಲ್ತಾಳ್ರಿ ಸರ್," ಅಂದರು. "ಆದ್ರ ಇಲ್ಲಿ ಯಾರ್ ಕೂಡ ಮಾತಾಡಬೇಕ್ರಿ ಆಕಿ? ನಾ ಹೊಲಕ್ಕ ಹೋದ್ರ ಗೋಡಿ ಮುಂದ ಕುಂತು ಕೈ ಆಡಸ್ತಾಳ. ನೋಡಾಕ ಆಗಂಗಿಲ್ರಿ. ಇನ್ನ ಕಳಸಬ್ಯಾಡ್ರಿ."

ನಾನು ಆಯ್ತು ಅಂದೆ.