ಅಟ್ಟದ ಕೆಲಸ ಮುಗಿದ ಬೆಕ್ಕು

ಗುಬ್ಬಿಯಿಂದ ತುಮಕೂರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಯಜಮಾನರ ಕಾಲ ಬಳಿಯಿದ್ದ ಗೋಣಿಚೀಲ "ಮಿಯಾಂವ್" ಅಂದಿತು. ನಾನು ಬೆಚ್ಚಿದ್ದು ನೋಡಿ ಅವರು ನಕ್ಕರು.

"ಬೆಕ್ಕು ಕಣಮ್ಮ. ಸತ್ಯಮಂಗಲದ ಫ್ಯಾಕ್ಟ್ರಿಗಳ ಹತ್ರ ಬಿಟ್ಟು ಬರ್ತೀನಿ. ಹಿಂಗೆ ಚೀಲದಲ್ಲಿ ತಂದ್ರೆ ದಾರಿ ಗೊತ್ತಾಗಲ್ಲ, ವಾಪಸ್ ಬರಲ್ಲ."

"ಯಾಕೆ ಬಿಡ್ತೀರ?" ಅಂದೆ, ಮೆಲ್ಲಗೆ.

ಕೊಬ್ಬರಿ ಆಗಲೆಂದು ಅಟ್ಟದ ಮೇಲೆ ಹಾಕಿದ್ದ ತೆಂಗಿನಕಾಯಿಗೆ ಇಲಿ ಕಾಟವಂತೆ. ಅದಕ್ಕೇ ಹೋದ ವರ್ಷ ಯಾರದೋ ಮನೆಯಿಂದ ಇದನ್ನು ಕೇಳಿ ತಂದಿದ್ದರು. ಮೊನ್ನೆ ಕೊಬ್ಬರಿ ಮಾರಿ ಆಯಿತು.

"ಈಗ ಅಟ್ಟ ಖಾಲಿ. ಇವಳು ನೋಡಿದ್ರೆ ಬಸುರಿ. ಯಾರಮ್ಮ ಸಾಕೋರು?"

ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಕಾವಲಿಗೆ ಬೇಕಿದ್ದವಳು, ಹೆರುವ ಹೊತ್ತಿಗೆ ಬೇಡವಾದಳು!

"ನಾನು ಕೆಲಸ ಮಾಡೋದು ಸತ್ಯಮಂಗಲದಲ್ಲೇ ಅಂಕಲ್. ಅಲ್ಲಿ ಬರೀ ಲಾರಿ, ಬೀದಿನಾಯಿ. ಎಲ್ಲಿ ಮರಿ ಹಾಕುತ್ತೆ?"

"ಮರಿನ ಏಳು ಮನೆ ತಿರುಗಿಸೋ ಜಾತಿ. ಎಲ್ಲಾದ್ರೂ ಬದುಕ್ಕೊಳ್ಳುತ್ತೆ ಬುಡು."

"ಏಳು ಮನೆ ತಿರುಗಿಸೋಕೆ ಮೊದಲು ಒಂದು ಮನೆ ಬೇಡ್ವಾ?"

ಅವರ ನಗು ನಿಂತಿತು. "ಅಷ್ಟು ಕನಿಕರ ಇದ್ರೆ ನೀನೇ ಸಾಕ್ಕೋ."

ಮನೆಯಲ್ಲಿ ಅಮ್ಮ ಏನನ್ನುತ್ತಾಳೋ ಎಂದೂ ಯೋಚಿಸದೆ ಚೀಲವನ್ನು ನನ್ನ ಕಡೆ ಎಳೆದುಕೊಂಡು, ಬಾಯಿಯ ಹಗ್ಗ ಸಡಿಲಿಸಿದೆ. ಒಳಗಿನಿಂದ ಎರಡು ಹಸಿರು ಕಣ್ಣು ನನ್ನನ್ನೇ ನೋಡಿದವು.

ಯಜಮಾನರು ನಿರಾಳವಾಗಿ ಕಾಲು ಚಾಚಿದರು. "ಮತ್ತೆ ಅಟ್ಟಕ್ಕೆ ಕಾಯಿ ಹಾಕ್ದಾಗ ಒಂದು ಮರಿ ಕೊಡಮ್ಮ."

"ಕೊಡಲ್ಲ!"

ಇಡೀ ಬಸ್ಸು ತಿರುಗಿ ನೋಡಿತು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಯಿತು. ಕಂಡಕ್ಟರಿಗೆ "ನಿಲ್ಲಿಸಿ" ಅನ್ನಲು ಮಾತ್ರ ಎಂದಿನಂತೆ ಬಾಯಿ ಬರಲಿಲ್ಲ.